ಚೀಲದ ತೂಕ

ಮಳೆ ಹಿಂದೆಗೆಯುವ ಸೆಪ್ಟೆಂಬರಿನಲ್ಲಿ
ಆಲ್ದೂರಿನ ಪೂಜೆಯಲ್ಲಿ ಓದಿದ ಸಾಮತಿ
ಜನವರಿಯ ಕೊಯ್ಲಿನವರೆಗೂ ನನ್ನ ಗಂಟಲಲ್ಲಿ
ಮೀನಿನ ಮುಳ್ಳಿನಂತೆ ನಿಂತಿತ್ತು.

ಬೆಳಗ್ಗೆ ಬಂದವನಿಗೆ ಒಂದು ಬೆಳ್ಳಿ ನಾಣ್ಯ,
ಹೊತ್ತು ಮುಳುಗುವಾಗ ಬಂದವನಿಗೂ ಅದೇ ನಾಣ್ಯ.
ಸ್ವಾಮಿಯವರು ಕೃಪೆ ಎಂದರು.
ನಾನು, ಇನ್ನಾಸಪ್ಪನ ಮಗಳು ರೆಜಿನಾ,
ಹದಿನೇಳು ಕೊಯ್ಲಿನಿಂದ ತೋಟದ ರೈಟರು,
ಮನಸ್ಸಿನಲ್ಲೇ ಅಂದುಕೊಂಡೆ:
ಇಂಥ ಚೆಕ್‌ರೋಲ್ ಬರೆದು ಆಫೀಸಿಗೆ ಕಳಿಸಿ ನೋಡಿ,
ಮಾರನೆಯ ದಿನ ಆರು ಗಂಟೆಗೆ ಯಾರು ಬರುತ್ತಾರೆ?

ಆಮೇಲೊಂದು ಮಾತು ಹೇಳಿದ್ದರು, ಅರ್ಧ ಕೇಳಿದ್ದೆ:
ಆ ನಾಣ್ಯವೆಂದರೆ ಆ ಕಾಲಕ್ಕೆ
ಒಂದು ಮನೆಯ ಒಂದು ದಿನದ ರೊಟ್ಟಿ.
ಮುರಿದು ಕೊಟ್ಟರೆ ಮನೆಯಲ್ಲಿ ಯಾರಿಗೋ ಉಪವಾಸ.

ಸರ್ಕಲ್ಲಿನಲ್ಲಿ ಬೆಳಗ್ಗೆ ಜೀಪು ನಿಲ್ಲುತ್ತದೆ.
ಡ್ರೈವರ್ ಇಳಿಯುವುದಿಲ್ಲ, ಬೆರಳಲ್ಲೇ ಆರಿಸುತ್ತಾನೆ:
ನೀನು, ನೀನು, ಆ ಕೆಂಪು ಸ್ವೆಟರು.
ಚೌರಮ್ಮನ ಮೇಲೆ ಆ ಬೆರಳು ನಿಲ್ಲುವುದಿಲ್ಲ.
ಅವಳ ಎಡಗೈ ಮಣಿಕಟ್ಟು ಮುರಿದು ವಾರೆಯಾಗಿ ಕೂಡಿದೆ.
ನಡೆದೇ ಬರುತ್ತಾಳೆ, ಏಳು ಕಿಲೋಮೀಟರು.
"ಹನ್ನೊಂದಾಯ್ತು, ಇಷ್ಟೊತ್ತು ಎಲ್ಲಿ ನಿಂತಿದ್ದೆ?" ಮೇಸ್ತ್ರಿ ಗದರಿದ.
"ಸರ್ಕಲ್ಲಲ್ಲೇ. ಯಾರೂ ಕರೀಲಿಲ್ಲ."

ಯಾರೂ ಕರೀಲಿಲ್ಲ.
ನನ್ನ ಪೆನ್ನು ನಿಂತಿತು.
ಈ ಮಾತು ಆ ಸಾಮತಿಯೊಳಗೇ ಇತ್ತು,
ಸಂಜೆ ಐದಕ್ಕೆ ಬಂದವನ ಬಾಯಲ್ಲಿ.
ಅವನನ್ನು ಸೋಮಾರಿ ಎಂದು ಬರೆದುಕೊಂಡವಳು ನಾನು.

ಆದರೆ ಆ ದ್ರಾಕ್ಷಿತೋಟ ಆ ಯಜಮಾನನದು,
ಅವನ ಗಂಟು, ಅವನು ಕೊಟ್ಟ.
ಈ ತೋಟದಲ್ಲಿ ನನ್ನದು ಒಂದು ಪೆನ್ನು.
ಅವಳ ಇಪ್ಪತ್ತನ್ನು ನಲವತ್ತು ಎಂದು ಬರೆಯಲೇ?
ಲೆಕ್ಕ ತಿದ್ದಿದ ಗುಮಾಸ್ತನ ಕಥೆಯೂ ಅಲ್ಲೇ ಇದೆ,
ನೂರನ್ನು ಐವತ್ತು ಮಾಡಿದ, ಒಡೆಯ ಅವನನ್ನೂ ಮೆಚ್ಚಿಕೊಂಡ!
ಕಳ್ಳ ತಕ್ಕಡಿ ಕಂಡರೆ ದೇವರಿಗೆ ವಾಕರಿಕೆ ಎಂಬುದೂ ಅಲ್ಲೇ.
ಅಪ್ಪ ಇದ್ದಿದ್ದರೆ ಕೇಳಬಹುದಿತ್ತು.
ಅವನಿಗೂ ಗೊತ್ತಿರುತ್ತಿರಲಿಲ್ಲ, ಒಂದು ಬೀಡಿ ಹಚ್ಚುತ್ತಿದ್ದ.

ಸಂಜೆ ಕಣದ ಪಕ್ಕ ತೂಕ ಶುರುವಾಯಿತು.
ಮೇಸ್ತ್ರಿ ಚೀಲ ಎತ್ತಿಡುತ್ತಾನೆ, ನಾನು ಅಂಕಿ ಓದುತ್ತೇನೆ,
ಓದಿದ್ದರಲ್ಲಿ ಎರಡು ಕಿಲೋ ಕಳೆದು ಬರೆಯುತ್ತೇನೆ,
ಚೀಲದ ತೂಕ ಅಂತ.
ನನಗಿಂತ ಮುಂಚಿನ ರೈಟರೂ ಎರಡೇ ಕಳೆಯುತ್ತಿದ್ದರಂತೆ.
ಎರಡು ಯಾಕೆ ಎಂದು ಯಾರೂ ಕೇಳಿಲ್ಲ. ನಾನೂ.

ಚೌರಮ್ಮನ ಹಣ್ಣು ರಾಶಿಗೆ ಸುರಿದ ಮೇಲೆ
ಖಾಲಿ ಚೀಲ ಕೈಗೆ ತೆಗೆದುಕೊಂಡೆ.
ಒದ್ದೆ, ಅಂಟಂಟು, ತಳದಲ್ಲಿ ಎರಡು ಎಲೆ.
ಯಂತ್ರದ ಮೇಲಿಟ್ಟೆ.
ಕೆಂಪು ಅಂಕಿ ತುಸು ನಡುಗಿ ನಿಂತಿತು:
ಒಂಬೈನೂರ ನಲವತ್ತು ಗ್ರಾಂ.

ಅಂದರೆ ಚೀಲಕ್ಕೆ ಒಂದು ಕಿಲೋ, ಮೇಲೆ ಅರವತ್ತು ಗ್ರಾಂ,
ಹದಿನೇಳು ಕೊಯ್ಲು, ನನ್ನದೇ ದುಂಡು ಅಕ್ಷರ.
ಕೂಡಿಸಲು ಹೋಗಲಿಲ್ಲ.
ಪಾಪನಿವೇದನೆಯಲ್ಲಿ ಸಿಟ್ಟು, ಸುಳ್ಳು, ಶುಕ್ರವಾರದ ಮಾಂಸ
ಎಲ್ಲ ಒಪ್ಪಿಸಿದ್ದೇನೆ.
ಇದೊಂದು ನಾಲಿಗೆಗೇ ಬಂದಿರಲಿಲ್ಲ.

ಬರೆದೆ: ಚೌರಮ್ಮ, ಇಪ್ಪತ್ತಮೂರು. ಚೀಲ, ಒಂದು.
"ಮ್ಯಾನೇಜರಿಗೆ ಏನಂತೀರಿ ರೈಟರಮ್ಮ?"
"ಚೀಲ ತೂಗಿ ನೋಡಿ ಅಂತೀನಿ."
ಕೈ ನಡುಗುತ್ತಿತ್ತು. ಚಳಿಯೂ ಇತ್ತು.

ಚೌರಮ್ಮನಿಗೆ ಏನೂ ತಿಳಿಯಲಿಲ್ಲ,
ಚೀಲ ಕೊಡವಿ, ಮಡಚಿ, ಕಂಕುಳಲ್ಲಿಟ್ಟುಕೊಂಡಳು.
ಸಾಲಿನಲ್ಲಿ ಅವಳ ಹಿಂದೆ ಫಿಲೋಮಿನಾ,
ಆರು ಗಂಟೆಗೇ ಜೀಪಿನಲ್ಲಿ ಬಂದವಳು, ನಾಲ್ಕು ಚೀಲದವಳು.
ಗೊಣಗುತ್ತಾಳೆ ಎಂದು ಕಾದೆ.
ಸೊಂಟದ ಮೇಲೆ ಕೈಯಿಟ್ಟು
ಅಂಕಿಯನ್ನೂ ನನ್ನನ್ನೂ ನೋಡಿ
ಮೆಲ್ಲಗೆ ಕೇಳಿದಳು:
"ಮತ್ತೆ, ನಿನ್ನೇದು?"